ಎಂಟು ವರ್ಷ ಹುಡುಕಿದ ಹೆಸರು

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಫಾರ್ ವೆಸ್ಟ್ ಎಂಬ ಊರಿತ್ತು. ಈಗ ಊರಿಲ್ಲ. ಹೊಲಗಳ ನಡುವೆ ಬೇಲಿ ಹಾಕಿದ ಒಂದಿಷ್ಟು ಜಾಗ, ಮೇಲೇಳದೆ ಹೋದ ದೇವಾಲಯವೊಂದರ ಮೂಲೆಗಲ್ಲುಗಳು, ಅಷ್ಟೇ. 1838ರ ಏಪ್ರಿಲ್ 26ರಂದು ಜೋಸೆಫ್ ಸ್ಮಿತ್ ಈ ಊರಲ್ಲಿ ಒಂದು ದೈವವಾಣಿಯನ್ನು ಬರೆಸಿದರು. ಆಗ ಅವರಿಗೆ ಮೂವತ್ತೆರಡು ವರ್ಷ. ಊರನ್ನು ಬೇಗ ಕಟ್ಟಬೇಕು, ದೇವಾಲಯಕ್ಕೆ ಜುಲೈ 4ರಂದು ಅಡಿಪಾಯ ಹಾಕಬೇಕು ಎಂಬಂಥ ಅಪ್ಪಣೆಗಳ ನಡುವೆ, ತಮ್ಮ ಸಭೆಗೆ ಯಾವ ಹೆಸರಿರಬೇಕೆಂದು ದೇವರೇ ಹೇಳಿದ ಒಂದು ಸಾಲೂ ಅದರಲ್ಲಿದೆ. ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಕಡೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ. ಲೋಕ ಇವರನ್ನು ಮಾರ್ಮನ್ನರು ಅನ್ನುತ್ತದೆ.

ಈ ದೈವವಾಣಿ ಸಿಗುವುದು ಜಾರ್ಜ್ ರಾಬಿನ್ಸನ್ ಎಂಬ ಗುಮಾಸ್ತ ಸ್ಮಿತ್ ಅವರಿಗಾಗಿ ಬರೆದಿಡುತ್ತಿದ್ದ ದಿನಚರಿಯಲ್ಲಿ. ಅದರ ಮೊದಲ ಪುಟ ತೆರೆದರೆ ಒಂದು ಸ್ವಾರಸ್ಯ ಕಾಣುತ್ತದೆ. ಇದು ಯಾರ ಪುಸ್ತಕ, ಅವರು ಯಾವ ಸಭೆಯ ಅಧ್ಯಕ್ಷರು ಎಂದು ರಾಬಿನ್ಸನ್ ಅಲ್ಲಿ ಒಕ್ಕಣೆ ಬರೆದು ಕೆಳಗೆ ತಾರೀಕು ಹಾಕಿದ್ದಾನೆ: ಏಪ್ರಿಲ್ 12. ದೈವವಾಣಿಗಿಂತ ಹದಿನಾಲ್ಕು ದಿನ ಮುಂಚೆ. ಆದರೆ ಸಭೆಯ ಹೆಸರು ಆಗಲೇ ಪೂರ್ತಿಯಾಗಿ ಅಲ್ಲಿದೆ, ಜೀಸಸ್, ಕ್ರೈಸ್ಟ್, ಲ್ಯಾಟರ್-ಡೇ ಸೇಂಟ್ಸ್ ಎಲ್ಲ ಸೇರಿ. ಅದೇ ಪುಸ್ತಕದಲ್ಲಿ ಮಾರ್ಚ್ ತಿಂಗಳದೊಂದು ಬರಹವೂ ಇದೆ. ಅದರಲ್ಲಿರುವುದು ಚರ್ಚ್ ಆಫ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಜೀಸಸ್ ಇನ್ನೂ ಬಂದಿಲ್ಲ. ಹೆಸರು ಹಂತಹಂತವಾಗಿ ಕೂಡಿಬಂದದ್ದು ಒಂದೇ ಪುಸ್ತಕದಲ್ಲಿ ಕಣ್ಣಿಗೆ ಕಾಣುತ್ತದೆ. ಆಡುವ ಬಾಯಲ್ಲಿ, ಬರೆಯುವ ಕೈಯಲ್ಲಿ ಆಗಲೇ ಪಳಗುತ್ತಿದ್ದ ಹೆಸರಿಗೆ ಏಪ್ರಿಲ್ 26ರಂದು ಮೊಹರು ಬಿತ್ತು ಅನ್ನಬಹುದು. ನಂಬುವವರು ಇದನ್ನು ದೇವರೇ ಒಳಗೊಳಗೆ ಮಾಡಿದ ಸಿದ್ಧತೆ ಎನ್ನುತ್ತಾರೆ. ನನಗಂತೂ ಇದರಲ್ಲಿ ಕಪಟವೇನೂ ಕಾಣುವುದಿಲ್ಲ. ಜನ ಸೇರಿ ಕಟ್ಟಿದ ಯಾವ ಸಂಸ್ಥೆಯ ಹೆಸರೂ ಹೀಗೆಯೇ ಸಿಗುವುದು.

ಅಲ್ಲಿಗೆ ಬರಲು ಅವರಿಗೆ ಎಂಟು ವರ್ಷ ಹಿಡಿದಿತ್ತು. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದ ಫೇಯೆಟ್‌ನಲ್ಲಿ, ವಿಟ್ಮರ್ ಮನೆತನದ ಮರದ ದಿಮ್ಮಿಗಳ ಮನೆಯಲ್ಲಿ ಸಭೆ ಹುಟ್ಟಿದಾಗ ಇಟ್ಟ ಹೆಸರು ಚರ್ಚ್ ಆಫ್ ಕ್ರೈಸ್ಟ್. ಕ್ರಿಸ್ತನ ಸಭೆ. ಚಿಕ್ಕದು, ಚೊಕ್ಕದು. ತೊಂದರೆ ಏನೆಂದರೆ ಆ ಹೆಸರು ಊರಿಗೊಂದು ಇತ್ತು. ಪಂಗಡಗಳ ಹೆಸರೆಲ್ಲ ಬೇಡ, ಬೈಬಲ್ಲಿನ ಕಾಲದಂತೆ ಬರೀ ಕ್ರೈಸ್ತರಾಗಿರೋಣ ಎಂದು ಹೊರಟ ಸುಧಾರಕರು ಆಗ ಒಹಾಯೊ ಸೀಮೆಯಲ್ಲಿ ತುಂಬಿದ್ದರು. ಅವರೂ ತಮ್ಮ ಸಭೆಗಳಿಗೆ ಇಂಥವೇ ಹೆಸರಿಡುತ್ತಿದ್ದರು. ಸ್ಮಿತ್ ಅವರ ಬಲಗೈಯಂತಿದ್ದ ಸಿಡ್ನಿ ರಿಗ್ಡನ್ ಆ ಗುಂಪಿನಿಂದಲೇ ಬಂದ ಬೋಧಕ. ಹೆಸರಿನ ಗೊಂದಲ ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಾರದು.

ಅಷ್ಟರಲ್ಲಿ ಹೊರಗಿನವರು ತಮ್ಮ ಪಾಡಿಗೆ ಒಂದು ಹೆಸರು ಇಟ್ಟೂ ಆಗಿತ್ತು. ಸಭೆ ಹುಟ್ಟುವ ಕೆಲವೇ ದಿನ ಮುಂಚೆ, 1830ರ ಮಾರ್ಚಿನಲ್ಲಿ, ಪಾಲ್ಮೈರಾ ಊರಿನ ಅಚ್ಚುಕೂಟದಲ್ಲಿ 'ಬುಕ್ ಆಫ್ ಮಾರ್ಮನ್' ಮಾರಾಟಕ್ಕೆ ಬಂತು. ಐದು ಸಾವಿರ ಪ್ರತಿ. ಖರ್ಚಿಗೆ ಮಾರ್ಟಿನ್ ಹ್ಯಾರಿಸ್ ಎಂಬ ರೈತ ತನ್ನ ಜಮೀನು ಅಡವಿಟ್ಟಿದ್ದ. ಹಿಂದಿನ ಕಾಲದ ದಾಖಲೆಗಳನ್ನೆಲ್ಲ ಸಂಗ್ರಹಿಸಿ ಚಿನ್ನದ ತಗಡುಗಳ ಮೇಲೆ ಬರೆದಿಟ್ಟವನು ಮಾರ್ಮನ್ ಎಂಬ ಪ್ರವಾದಿ ಎಂದು ಆ ಗ್ರಂಥ ಹೇಳುತ್ತದೆ. ಪತ್ರಿಕೆಗಳವರಿಗೆ ಇಷ್ಟು ಸಾಕಾಯಿತು. 1831ರ ಹೊತ್ತಿಗೆ 'ಮಾರ್ಮನೈಟರು' ಸುದ್ದಿಯಲ್ಲಿದ್ದರು. ಆಮೇಲೆ ನಾಲಿಗೆಗೆ ಸಲೀಸಾಗಲೆಂದು ಬಾಲವೂ ಉದುರಿತು. ಸಭೆಯವರು ತಮ್ಮ ಹೆಸರನ್ನು ಹುಡುಕಿಕೊಳ್ಳಲು ಎಂಟು ವರ್ಷ ತೆಗೆದುಕೊಂಡರೆ, ಅವರನ್ನು ಕಂಡರಾಗದವರಿಗೆ ವರ್ಷ ಒಂದು ಕೂಡ ಬೇಕಾಗಲಿಲ್ಲ.

1834ರ ಮೇ 3ರಂದು ಒಹಾಯೊದ ಕರ್ಟ್‌ಲ್ಯಾಂಡ್‌ನಲ್ಲಿ ಹಿರಿಯರ ಸಭೆ ಸೇರಿತು. ರಿಗ್ಡನ್ ಠರಾವು ಮಂಡಿಸಿದರು, ನ್ಯೂಯೆಲ್ ವಿಟ್ನಿ ಅನುಮೋದಿಸಿದರು: ಇನ್ನು ಮುಂದೆ ನಮ್ಮದು ಚರ್ಚ್ ಆಫ್ ದಿ ಲ್ಯಾಟರ್ ಡೇ ಸೇಂಟ್ಸ್. ಯಾರೂ ವಿರೋಧಿಸಲಿಲ್ಲ. ಬೇರೆ ಸಭೆಗಳೊಂದಿಗಿನ ಗೊಂದಲ ತಪ್ಪಿತು, ನಿಜ. ಆದರೆ ಹೊಸ ಹೆಸರಿನಲ್ಲಿ ಕ್ರಿಸ್ತನೇ ಇರಲಿಲ್ಲ. ಆಗ ಕಟ್ಟುತ್ತಿದ್ದ ಕರ್ಟ್‌ಲ್ಯಾಂಡ್ ದೇವಾಲಯದ ಮುಂಗೋಡೆಯ ಮೇಲ್ಭಾಗದ ಫಲಕದಲ್ಲಿ ಇದೇ ಹೆಸರು ಕೂತಿತು: ಪ್ರಭುವಿನ ಮನೆ, ಕಟ್ಟಿದವರು ಲ್ಯಾಟರ್ ಡೇ ಸೇಂಟ್ಸ್ ಸಭೆಯವರು, 1834. ಕಾಗದದ ಮೇಲಿನ ಠರಾವನ್ನು ಇನ್ನೊಂದು ಠರಾವು ಅಳಿಸುತ್ತದೆ. ಗೋಡೆಯ ಮೇಲಿನದ್ದನ್ನು ಅಳಿಸುವುದು ಹೇಗೆ? ಅದೇ ವರ್ಷ ಪಕ್ಕದ ಪೇನ್ಸ್‌ವಿಲ್‌ನಲ್ಲಿ ಎಬರ್ ಹೌ ಎಂಬ ಪತ್ರಿಕೆಯವನು ಇವರ ವಿರುದ್ಧ ಒಂದು ಪುಸ್ತಕ ಅಚ್ಚುಹಾಕಿದ. ಅದರ ಶೀರ್ಷಿಕೆಯಲ್ಲಿದ್ದದ್ದು ಹಳೆಯ ಹೆಸರೂ ಅಲ್ಲ, ಹೊಸ ಹೆಸರೂ ಅಲ್ಲ, ಮಾರ್ಮನಿಸಂ.

ಹೆಸರಿನ ಬಗ್ಗೆ ಸದಸ್ಯರ ಕಸಿವಿಸಿ ಇತ್ತೀಚಿನದೆಂದು ತಿಳಿಯಬೇಡಿ. ಯಾರ ಮನೆಯಲ್ಲಿ ಸಭೆ ಹುಟ್ಟಿತೋ ಆ ಮನೆಯ ಮಗ ಡೇವಿಡ್ ವಿಟ್ಮರ್ ಈ 1834ರ ಠರಾವನ್ನು ಸಾಯುವ ತನಕ ಕ್ಷಮಿಸಲಿಲ್ಲ. ಸಭೆಯಿಂದ 1838ರಲ್ಲೇ ಹೊರಬಿದ್ದಿದ್ದ ಅವರು 1887ರಲ್ಲಿ, ಎಂಬತ್ತು ದಾಟಿದ ಮೇಲೆ, ಒಂದು ಕಿರುಹೊತ್ತಗೆ ಪ್ರಕಟಿಸಿದರು. ಕ್ರಿಸ್ತನ ಸಭೆಯಿಂದ ಕ್ರಿಸ್ತನ ಹೆಸರನ್ನೇ ತೆಗೆದಿರಲ್ಲ ಎಂಬ ಆರೋಪ ಅದರಲ್ಲಿದೆ. ಅರ್ಧ ಶತಮಾನ ಕಳೆದರೂ ಆರದ ಸಿಟ್ಟು.

ಫಾರ್ ವೆಸ್ಟ್‌ನ ಹೆಸರು ಎರಡನ್ನೂ ಬೆಸೆಯಿತು. ಮೊದಲ ಹೆಸರಿನ ಕ್ರಿಸ್ತ, ಎರಡನೆಯದರ ಸಂತರು, ಇಬ್ಬರೂ ಇದ್ದರು. ಯಾರಿಗೂ ಬೇಸರವಾಗದ ರಾಜಿ ಸೂತ್ರ ಎಂದೂ ಇದನ್ನು ನೋಡಬಹುದು. ಆದರೆ ಹೆಸರಿಗೆ ಆರು ತಿಂಗಳು ತುಂಬಿದ ಮರುದಿನ, ಅಕ್ಟೋಬರ್ 27ರಂದು, ಮಿಸೌರಿಯ ಗವರ್ನರ್ ಲಿಲ್ಬರ್ನ್ ಬಾಗ್ಸ್ ಒಂದು ಆದೇಶ ಹೊರಡಿಸಿದ. ಇವರನ್ನು ಶತ್ರುಗಳೆಂದೇ ತಿಳಿದು ರಾಜ್ಯದಿಂದ ಓಡಿಸಬೇಕು, ಇಲ್ಲವೇ ನಿರ್ನಾಮ ಮಾಡಬೇಕು ಎಂಬುದು ಅದರ ಸಾರ. ಮೂರು ದಿನ ಬಿಟ್ಟು ಹಾನ್ಸ್ ಮಿಲ್ ಎಂಬಲ್ಲಿ ಹದಿನೇಳು ಮಂದಿಯನ್ನು ಕೊಂದರು. ಆ ಆದೇಶದಲ್ಲಿ ಇವರನ್ನು ಕರೆದದ್ದು ಮಾರ್ಮನ್ನರು ಎಂದು. ಮಿಸೌರಿ ಅದನ್ನು ವಿಧಿವತ್ತಾಗಿ ಹಿಂತೆಗೆದುಕೊಂಡದ್ದು 1976ರಲ್ಲಿ.

ಮುಂದೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. 1844ರಲ್ಲಿ ಇಲಿನಾಯ್‌ನ ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಸ್ಮಿತ್ ಅವರನ್ನು ಗುಂಡಿಕ್ಕಿ ಕೊಂದಿತು. ಸಭೆ ಒಡೆಯಿತು, ಜೊತೆಗೆ ಹೆಸರೂ ಪಾಲಾಯಿತು. ಬ್ರಿಗಮ್ ಯಂಗ್ ಹಿಂದೆ ಹೊರಟ ದೊಡ್ಡ ಗುಂಪು 1847ರಲ್ಲಿ ಯೂಟಾ ತಲುಪಿತು. ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಸ್ಟ್ರಾಂಗ್ ಕಡೆಯವರು ಅದೇ ಹೆಸರನ್ನು ನಡುಗೆರೆ ಇಲ್ಲದೆ ಬರೆದುಕೊಂಡರು. ಇಂದಿಗೂ ಆ ಪುಟ್ಟ ಸಭೆಗೂ ಯೂಟಾದ ದೊಡ್ಡ ಸಭೆಗೂ ಹೆಸರಿನಲ್ಲಿ ಇರುವ ವ್ಯತ್ಯಾಸ ಒಂದು ಗೆರೆ ಮತ್ತು ಒಂದು ಅಕ್ಷರದ ಗಾತ್ರ ಅಷ್ಟೇ. ಸ್ಮಿತ್ ಅವರ ಮಗ ಮುನ್ನಡೆಸಿದ ಮತ್ತೊಂದು ಕವಲು ತನ್ನ ಹೆಸರಿಗೆ 'ಪುನಸ್ಸಂಘಟಿತ' ಎಂದು ಸೇರಿಸಿಕೊಂಡು, 2001ರಲ್ಲಿ ಎಲ್ಲವನ್ನೂ ಬಿಟ್ಟು ಕಮ್ಯುನಿಟಿ ಆಫ್ ಕ್ರೈಸ್ಟ್ ಆಯಿತು. ಯೂಟಾದವರ ಬಹುಪತ್ನಿತ್ವದ ಮೇಲೆ ಮುನಿದ ಅಮೆರಿಕ ಸರ್ಕಾರ 1887ರಲ್ಲಿ ಸಭೆಯ ನೋಂದಣಿಯನ್ನೇ ರದ್ದು ಮಾಡಿತು. ಹಾಗಾಗಿ 1890ರ ಸುಪ್ರೀಂ ಕೋರ್ಟ್ ಮೊಕದ್ದಮೆಯ ಶೀರ್ಷಿಕೆಯಲ್ಲಿ ಸಭೆಯ ಹೆಸರಿನ ಹಿಂದೆ ದಿವಂಗತರಿಗೆ ಹಾಕುವ ಹಾಗೆ 'ಲೇಟ್' ಅಂತ ಸೇರಿದೆ!

ಇಷ್ಟೆಲ್ಲ ನಡೆಯುವಾಗ ಬೈಗುಳವಾಗಿ ಹುಟ್ಟಿದ ಅಡ್ಡಹೆಸರು ಸದ್ದಿಲ್ಲದೆ ಒಳಗೆ ಬಂದು ಕೂತಿತು. ಹೀಗಾದದ್ದು ಇವರೊಬ್ಬರಿಗೇ ಅಲ್ಲ. ಕ್ವೇಕರರು, ಮೆಥಡಿಸ್ಟರು ಎಲ್ಲ ಮೊದಲು ಗೇಲಿಯ ಹೆಸರುಗಳೇ. ಹಾಗೆ ನೋಡಿದರೆ ಶಿಷ್ಯರನ್ನು ಕ್ರೈಸ್ತರೆಂದು ಕರೆಯಲು ಶುರುವಾದದ್ದು ಅಂತಿಯೋಕ್ಯದಲ್ಲಿ ಎಂದು ಬೈಬಲ್ಲೇ ಹೇಳುತ್ತದೆ. ಅದನ್ನೂ ಹೊರಗಿನವರೇ ಇಟ್ಟಿದ್ದು ಎನ್ನುವ ಪಂಡಿತರಿದ್ದಾರೆ. ಆದರೆ ಮಾರ್ಮನ್ನರ ವಿಷಯದಲ್ಲಿ ಆ ಹೆಸರಿನ ಜೊತೆ ನಡೆದ ದಾರಿ ಉದ್ದ. 1846ರಲ್ಲಿ ಸುಮಾರು ಐನೂರು ಜನ ಸೈನ್ಯಕ್ಕೆ ಸೇರಿ ಪೆಸಿಫಿಕ್ ಕರಾವಳಿವರೆಗೆ ನಡೆದರು; ಅದು ಮಾರ್ಮನ್ ಬೆಟಾಲಿಯನ್. 1856ರಲ್ಲಿ ಎತ್ತು, ಕುದುರೆ ಕೊಳ್ಳಲು ದುಡ್ಡಿಲ್ಲದ ವಲಸಿಗರು ತಳ್ಳುಗಾಡಿಗೆ ಹಾಸಿಗೆ ಪಾತ್ರೆ ಹೇರಿಕೊಂಡು, ಹಿಡಿಕೆಗೆ ಎದೆಕೊಟ್ಟು ಎಳೆಯುತ್ತ ಹೊರಟರು. ತಡವಾಗಿ ಹೊರಟ ಎರಡು ತಂಡಗಳು ವಯೋಮಿಂಗ್‌ನ ಹಿಮಕ್ಕೆ ಸಿಕ್ಕಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರ ವಂಶದವರು ಇಂದಿಗೂ ಯಾವ ಅಜ್ಜಿ ಯಾವ ತಂಡದಲ್ಲಿದ್ದಳು ಎಂದು ಹೇಳಬಲ್ಲರು. ಅವರು ನಡೆದದ್ದು ಮಾರ್ಮನ್ ಟ್ರೇಲ್. 1929ರಿಂದ ವಾರವಾರವೂ ರೇಡಿಯೊದಲ್ಲಿ ಹಾಡಿ ಅಮೆರಿಕಕ್ಕೆಲ್ಲ ಪರಿಚಿತವಾದ ವೃಂದ ಮಾರ್ಮನ್ ಟ್ಯಾಬರ್ನಾಕಲ್ ಕ್ವಾಯರ್. ಕಲ್ಲೆಂದು ಎಸೆದದ್ದು ಒಲೆಗುಂಡಾಗಿತ್ತು.

ಈಗ 1990ಕ್ಕೆ ಬರೋಣ. ಸಭೆಯ ವಿಶ್ವ ಸಮ್ಮೇಳನ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆಯುತ್ತದೆ. ಆ ಏಪ್ರಿಲ್‌ನಲ್ಲಿ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರಾದ ರಸಲ್ ನೆಲ್ಸನ್ ಎದ್ದು ನಿಂತರು. ಮೂಲತಃ ಹೃದಯದ ಶಸ್ತ್ರವೈದ್ಯರು. ತೆರೆದ ಹೃದಯದ ಚಿಕಿತ್ಸೆ ಇನ್ನೂ ಕಣ್ಣುಬಿಡುತ್ತಿದ್ದಾಗ ಹೃದಯ-ಶ್ವಾಸಕೋಶ ಯಂತ್ರ ರೂಪಿಸಿದ ತಂಡವೊಂದರಲ್ಲಿ ದುಡಿದವರು. ಅವರು 1838ರ ದೈವವಾಣಿಯನ್ನು ಪದಪದವಾಗಿ ಬಿಡಿಸಿ, ದೇವರು ಕೊಟ್ಟ ಹೆಸರನ್ನು ಬಿಟ್ಟು ಅಡ್ಡಹೆಸರು ಯಾಕೆ ಎಂದು ಕೇಳಿದರು. ಆರು ತಿಂಗಳಾಯಿತು. ಅಕ್ಟೋಬರ್ ಸಮ್ಮೇಳನದಲ್ಲಿ ಅವರಿಗಿಂತ ಹಿರಿಯ ಸ್ಥಾನದಲ್ಲಿದ್ದ ಗೋರ್ಡನ್ ಹಿಂಕ್ಲಿ ಮಾತಾಡಿದರು. ನೆಲ್ಸನ್ ಅವರ ಭಾಷಣವನ್ನು ಮೆಚ್ಚಿದರು, ಅವರು ಹೇಳಿದ್ದು ಸರಿ ಎಂದರು. ಆಮೇಲೆ ಮೆಲ್ಲಗೆ ದಿಕ್ಕು ತಿರುಗಿಸಿದರು: ಅಡ್ಡಹೆಸರು ಹೋಗುವಂಥದ್ದಲ್ಲ, ಹೋಗದ ಮೇಲೆ, ನಮ್ಮ ನಡತೆಯಿಂದ ಅದಕ್ಕೇ ಹೊಳಪು ಕೊಡೋಣ. ಹಿಂಕ್ಲಿ ಬಹುಕಾಲ ಸಭೆಯ ಪ್ರಚಾರ ಕೆಲಸ ನೋಡಿಕೊಂಡವರು. ಲೋಕದ ಬಾಯಿ ಹೇಗಿರುತ್ತದೆಂದು ಬಲ್ಲವರು. ಈ ಎರಡು ಭಾಷಣಗಳನ್ನು ಒಟ್ಟಿಗೆ ಓದಿದರೆ ಸದಸ್ಯರೊಳಗಿನ ಎರಡು ಮನಸ್ಸುಗಳೇ ಒಂದೇ ವೇದಿಕೆಯಲ್ಲಿ ಎದುರುಬದುರು ನಿಂತಂತಿದೆ. ನೆಲ್ಸನ್ ಸುಮ್ಮನಾದರು.

ಹಾಗೆಂದು ಹಿಂಕ್ಲಿ ಹೆಸರನ್ನು ಕಡೆಗಣಿಸಿದವರಲ್ಲ. ಅವರು ಅಧ್ಯಕ್ಷರಾದ 1995ರಲ್ಲೇ ಸಭೆಯ ಲಾಂಛನದಲ್ಲಿ ಜೀಸಸ್ ಕ್ರೈಸ್ಟ್ ಎಂಬ ಅಕ್ಷರಗಳು ದಪ್ಪವಾದವು. ಸಾಲ್ಟ್ ಲೇಕ್‌ನಲ್ಲಿ 2002ರ ಚಳಿಗಾಲದ ಒಲಿಂಪಿಕ್ಸ್ ಇತ್ತು. ಪತ್ರಕರ್ತರ ದಂಡು ಬರುವ ಮುಂಚೆ, 2001ರಲ್ಲಿ, ಪೂರ್ತಿ ಹೆಸರು ಬಳಸಿ ಎಂಬ ಕೋರಿಕೆಯೂ ಹೊರಟಿತು. ಯಾರು ಕೇಳಿದರು? ಒಂಬತ್ತು ವರ್ಷದಲ್ಲಿ ಸಭೆಯೇ ಆ ಕೋರಿಕೆಯನ್ನು ಮಡಚಿಟ್ಟಿತು. 2010ರಲ್ಲಿ ಅಮೆರಿಕದ ಒಂಬತ್ತು ನಗರಗಳಲ್ಲಿ ಒಂದು ಜಾಹೀರಾತು ಸರಣಿ ಶುರುವಾಯಿತು. ಒಬ್ಬ ಸಾಮಾನ್ಯ ಮನುಷ್ಯ ತನ್ನ ಕೆಲಸ, ಸಂಸಾರ, ಹುಚ್ಚುಗಳನ್ನೆಲ್ಲ ಹೇಳಿಕೊಂಡು, ಕಡೆಯಲ್ಲಿ ಕ್ಯಾಮೆರಾ ನೋಡಿ ತಾನು ಮಾರ್ಮನ್ ಅನ್ನುತ್ತಾನೆ. ದಿ ಕಿಲ್ಲರ್ಸ್ ತಂಡದ ಗಾಯಕ ಬ್ರ್ಯಾಂಡನ್ ಫ್ಲವರ್ಸ್ ಕೂಡ ಹೀಗೆ ಹೇಳಿದರು. ಸಾವಿರಾರು ಸದಸ್ಯರು ತಮ್ಮ ಫೋಟೊ, ಪರಿಚಯ ಕಳಿಸಿದರು. 2011ರಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ದೊಡ್ಡ ಫಲಕ ಬಂತು. ಅದೇ ವರ್ಷ ಬ್ರಾಡ್‌ವೇಯಲ್ಲಿ ಇವರನ್ನು ಗೇಲಿ ಮಾಡುವ 'ದಿ ಬುಕ್ ಆಫ್ ಮಾರ್ಮನ್' ನಾಟಕ ಭರ್ಜರಿಯಾಗಿ ಓಡಿತು. ಸಭೆ ಮುನಿಸಿಕೊಳ್ಳುವ ಬದಲು ಮುಂದೆ ನಾಟಕದ ಕೈಪಿಡಿಯಲ್ಲೇ ಜಾಹೀರಾತು ಕೊಟ್ಟಿತು: ನಾಟಕ ನೋಡಿದಿರಲ್ಲ, ಈಗ ಪುಸ್ತಕ ಓದಿ. ನನ್ನ ಲೆಕ್ಕದಲ್ಲಿ ಅಡ್ಡಹೆಸರನ್ನು ಅಷ್ಟು ಜಾಣತನದಿಂದ ತಮ್ಮದಾಗಿಸಿಕೊಂಡ ಇನ್ನೊಂದು ಧರ್ಮಸಂಸ್ಥೆ ಇಲ್ಲ.

2018ರ ಜನವರಿಯಲ್ಲಿ ನೆಲ್ಸನ್ ಅಧ್ಯಕ್ಷರಾದರು. ವಯಸ್ಸು ತೊಂಬತ್ತಮೂರು. ಅಧ್ಯಕ್ಷರನ್ನು ಪ್ರವಾದಿ ಎಂದು ನಂಬುವ ಸಭೆ ಅದು. ಅವರ ಮಾತಿಗೆ ಎದುರು ಭಾಷಣ ಇರುವುದಿಲ್ಲ. ಆಗಸ್ಟ್ 16ರಂದು ನಾಲ್ಕಾರು ಸಾಲಿನ ಹೇಳಿಕೆ ಬಂತು: ಹೆಸರಿನ ಮಹತ್ವವನ್ನು ಪ್ರಭು ತಮ್ಮ ಮನಸ್ಸಿಗೆ ತಂದಿದ್ದಾನೆ, ಅದಕ್ಕೆ ತಕ್ಕಂತೆ ನಡೆಯಬೇಕಾಗಿದೆ. ಅಕ್ಟೋಬರ್ ಸಮ್ಮೇಳನದಲ್ಲಿ ವಿವರಿಸಿದರು. ಇದು ಹೆಸರು ಬದಲಾವಣೆಯಲ್ಲ, ಹೊಸ ಬಣ್ಣ ಬಳಿಯುವುದಲ್ಲ, ತಿದ್ದುಪಡಿ ಎಂದರು. ಅಡ್ಡಹೆಸರಿನಿಂದ ಪ್ರಭುವಿನ ಹೆಸರು ಮರೆಯಾದರೆ ಅದು ಸೈತಾನನ ದೊಡ್ಡ ಗೆಲುವು ಎಂದೂ ಹೇಳಿದರು. ಸಮ್ಮೇಳನದ ಹಿಂದಿನ ದಿನವೇ ಹಾಡುವ ವೃಂದದ ಹೆಸರಿನಿಂದ ಮಾರ್ಮನ್ ಹೋಗಿತ್ತು. ಮರುವರ್ಷ ಜಾಲತಾಣಗಳ ವಿಳಾಸ ಬದಲಾದವು. ಲ್ಯಾಟರ್-ಡೇ ಸೇಂಟ್ಸ್ ಎಂಬುದನ್ನು ಚಿಕ್ಕದಾಗಿಸಿದ ಎಲ್‌ಡಿಎಸ್ ಎಂಬ ಮೂರಕ್ಷರಕ್ಕೂ ಉಳಿಗಾಲವಿರಲಿಲ್ಲ. ಸಾಲ್ಟ್ ಲೇಕ್‌ನ ಎಲ್‌ಡಿಎಸ್ ಬಿಸಿನೆಸ್ ಕಾಲೇಜು ಎನ್‌ಸೈನ್ ಕಾಲೇಜಾಯಿತು. ಉಳಿದದ್ದು ಗ್ರಂಥದ ಹೆಸರು ಮತ್ತು ಚರಿತ್ರೆಯಲ್ಲಿ ಆಗಲೇ ಸೇರಿಹೋದ ಹೆಸರುಗಳು.

ಬೋರ್ಡು ಬದಲಾಯಿಸಿದ ವೇಗದಲ್ಲಿ ಮನಸ್ಸು ಬದಲಾಗಲಿಲ್ಲ. ಹಲವು ಸದಸ್ಯರಿಗೆ ನಿಜಕ್ಕೂ ನೆಮ್ಮದಿಯಾಯಿತು. ನೀವು ಕ್ರೈಸ್ತರೇ ಅಲ್ಲ ಎಂದು ಬೇರೆ ಪಂಗಡಗಳವರಿಂದ ಜೀವಮಾನವಿಡೀ ಅನ್ನಿಸಿಕೊಂಡವರಿಗೆ, ಕ್ರಿಸ್ತನ ಹೆಸರು ಮೊದಲು ಬರಬೇಕು ಎಂಬ ಅಪ್ಪಣೆ ತಡವಾಗಿ ಬಂದ ನ್ಯಾಯದಂತೆ ಕಂಡಿತು. ಬಹುಪತ್ನಿತ್ವ ಬಿಡದ ಸಣ್ಣ ಗುಂಪುಗಳೂ ಮಾರ್ಮನ್ ಎಂದೇ ಟಿವಿಯಲ್ಲಿ ಕಾಣಿಸಿಕೊಳ್ಳುವಾಗ, ಆ ಹೆಸರಿನಿಂದ ದೂರವಾಗುವುದೇ ಲೇಸು ಎಂದವರೂ ಇದ್ದರು. ಆದರೆ ತಳ್ಳುಗಾಡಿ ಎಳೆದವರ ಮರಿಮಕ್ಕಳಲ್ಲಿ ಕೆಲವರಿಗೆ ಅದು ಧರ್ಮದ ಹೆಸರಷ್ಟೇ ಆಗಿರಲಿಲ್ಲ, ಮನೆತನದ ಹೆಸರೂ ಆಗಿತ್ತು. ಇನ್ನು ಆ ಜಾಹೀರಾತಿಗೆ ಮುಖ ಕೊಟ್ಟವರ ಪಾಡು ನೋಡಿ. ಏಳೆಂಟು ವರ್ಷ ಹಿಂದೆ ಸಭೆಯೇ ಕರೆದು ಹೇಳಿಸಿದ ಮಾತು ಈಗ ಸೈತಾನನ ಲೆಕ್ಕಕ್ಕೆ ಹೋಯಿತು. ಇವರಿಗೆ ನೋವಾದದ್ದು ನಿಯಮದಿಂದಲ್ಲ, ಸೈತಾನನ ಆ ಪ್ರಸ್ತಾಪದಿಂದ ಎಂದು ನನ್ನ ಅನಿಸಿಕೆ. ಹಿಂಕ್ಲಿ ಹೇಳಿದ್ದು ತಪ್ಪೇ ಹಾಗಾದರೆ ಎಂದು ಕೇಳಿದರೆ ಅದಕ್ಕೆ ಸಲೀಸಾದ ಉತ್ತರವಿಲ್ಲ, ಇಬ್ಬರೂ ಪ್ರವಾದಿಗಳೇ.

ವಿಧೇಯರಾದವರಿಗೂ ಬಳಕೆಯ ಕಷ್ಟ ಇತ್ತು. ರೈಲಿನಲ್ಲಿ ಪಕ್ಕ ಕೂತವರು ನಿಮ್ಮದು ಯಾವ ಚರ್ಚು ಎಂದರೆ ಎಂಟು ಪದ ಹೇಳಬೇಕು. ಹೇಳಿದ ಮೇಲೆ ಅವರು, ಓ, ಮಾರ್ಮನ್ನರಾ ಎನ್ನುತ್ತಾರೆ. ಆಗ ತಿದ್ದಬೇಕೋ ಹೌದೆನ್ನಬೇಕೋ? ಸಭೆಯ ನೇರ ಅಂಕೆಯಲ್ಲಿ ಇಲ್ಲದವರು ತಮ್ಮ ದಾರಿ ಹಿಡಿದರು. 1965ರಲ್ಲಿ ಹುಟ್ಟಿದ ಮಾರ್ಮನ್ ಹಿಸ್ಟರಿ ಅಸೋಸಿಯೇಷನ್ ಹೆಸರು ಬದಲಿಸಲಿಲ್ಲ. ಸ್ಮಿತ್ ಅವರಿಂದ ಹುಟ್ಟಿದ ಎಲ್ಲ ಕವಲುಗಳನ್ನೂ ಒಟ್ಟಾಗಿ ಹೇಳಲು ವಿದ್ವಾಂಸರಲ್ಲಿ ಹಲವರು ಈಗಲೂ ಆ ಹೆಸರನ್ನೇ ಬಳಸುತ್ತಾರೆ. ಸಭೆ ಬಿಟ್ಟುಹೋದವರೂ ತಮ್ಮನ್ನು ಮಾಜಿ ಮಾರ್ಮನ್ನರು ಎಂದೇ ಕರೆದುಕೊಳ್ಳುತ್ತಾರೆ. ಹೀಗೆ ಆ ಹೆಸರು ಕ್ರಮೇಣ ಹೊಸ್ತಿಲಾಚೆಗಿನವರ ಪಾಲಾಗುತ್ತಿದೆ. 2024ರಲ್ಲಿ ಯೂಟಾದ ತರುಣಿಯರ ಗುಟ್ಟುಗಳನ್ನು ತೋರಿಸುವ ರಿಯಾಲಿಟಿ ಷೋ ಬಂದಾಗ ಅದರ ಶೀರ್ಷಿಕೆಯಲ್ಲೂ ಮಾರ್ಮನ್ ಇತ್ತು. ಮನೆಯವರು ಬಿಟ್ಟ ಹೆಸರನ್ನು ಬೀದಿಯವರು ಎತ್ತಿಕೊಂಡಂತೆ ಎಂದು ಗೊಣಗಿದ ಸದಸ್ಯರನ್ನು ತಪ್ಪೆನ್ನಲಾಗದು.

ಈಗ ಸದಸ್ಯರ ಸಂಖ್ಯೆ ಒಂದೂಮುಕ್ಕಾಲು ಕೋಟಿಯ ಹತ್ತಿರವಿದೆ. ಅರ್ಧಕ್ಕಿಂತ ಹೆಚ್ಚು ಜನ ಅಮೆರಿಕದ ಹೊರಗಿನವರು. ಅವರಲ್ಲಿ ನಮ್ಮವರೂ ಇದ್ದಾರೆ. 2018ರ ಏಪ್ರಿಲ್ 1ರಂದು ನೆಲ್ಸನ್ ಭಾರತದ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಘೋಷಿಸಿ, ಅದೇ ತಿಂಗಳು ಬೆಂಗಳೂರಿಗೆ ಬಂದು ಸದಸ್ಯರನ್ನು ಕಂಡು ಹೋದರು. 2020ರ ಡಿಸೆಂಬರಿನಲ್ಲಿ ಗುದ್ದಲಿಪೂಜೆ ಆಯಿತು, ಅವರ ರೀತಿಯಲ್ಲಿ. ಬೆಂಗಳೂರಿನ ಸದಸ್ಯರ ಅಜ್ಜಿಯರಾರೂ ವಯೋಮಿಂಗ್‌ನ ಹಿಮದಲ್ಲಿ ಗಾಡಿ ಎಳೆದವರಲ್ಲ. ಮಾರ್ಮನ್ ಎಂದರೆ ಇಲ್ಲಿ ನೆರೆಹೊರೆಗೆ ಏನೂ ತಿಳಿಯದು. ಯೇಸು ಕ್ರಿಸ್ತನ ಸಭೆ ಎಂದರೆ ಕೂಡಲೇ ತಿಳಿಯುತ್ತದೆ. ಯೂಟಾದಲ್ಲಿ ಕಳೆದುಕೊಂಡಂತೆ ಅನ್ನಿಸಿದ್ದು ಇಲ್ಲಿ ಅನುಕೂಲವಾಗಿಯೇ ಕಂಡಿರಬೇಕು. ನೆಲ್ಸನ್ ಈ ಜನರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಆಗಸ್ಟಿನ ಹೇಳಿಕೆ ಕೊಟ್ಟರೋ ಏನೋ.

ನೆಲ್ಸನ್ 2025ರ ಸೆಪ್ಟೆಂಬರಿನಲ್ಲಿ, ನೂರಾ ಒಂದನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಒಂದೂವರೆ ವರ್ಷ ಮುಂಚೆ ಅವರ ಸಭೆ, ಕ್ರಿಸ್ತನಿಲ್ಲದ ಹೆಸರನ್ನು ಗೋಡೆಯ ಮೇಲೆ ಕೂರಿಸಿದ್ದ ಕರ್ಟ್‌ಲ್ಯಾಂಡ್ ದೇವಾಲಯವನ್ನು, ಇನ್ನು ಕೆಲವು ಹಳೆಯ ಆಸ್ತಿಗಳ ಜೊತೆಗೆ, ಕಮ್ಯುನಿಟಿ ಆಫ್ ಕ್ರೈಸ್ಟ್‌ನಿಂದ 19 ಕೋಟಿ 25 ಲಕ್ಷ ಡಾಲರ್ ಕೊಟ್ಟು ಕೊಂಡುಕೊಂಡಿತು.

ಪೂರ್ತಿ ಹೆಸರು ಉದ್ದವಾಯಿತು ಎನ್ನುವವರಿಗೆ 2018ರ ಸೂಚನೆಗಳಲ್ಲಿ ಒಂದು ಪರಿಹಾರವಿದೆ: ಒಂದು ಸಲ ಪೂರ್ತಿ ಹೇಳಿ, ಮತ್ತೆ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಎಂದರೆ ಸಾಕು. ಸ್ಮಿತ್ ಸತ್ತ ಮೇಲೆ ಬ್ರಿಗಮ್ ಯಂಗ್ ಜೊತೆ ಹೋಗದೆ ಪಿಟ್ಸ್‌ಬರ್ಗ್ ಕಡೆ ಹೊರಟುಹೋದವರು ಸಿಡ್ನಿ ರಿಗ್ಡನ್, ಕ್ರಿಸ್ತನಿಲ್ಲದ ಹೆಸರಿನ ಠರಾವು ಮಂಡಿಸಿದ್ದ ಅದೇ ರಿಗ್ಡನ್. ಅಲ್ಲಿ ಅವರ ಗುಂಪನ್ನು ಸೇರಿದ ವಿಲಿಯಂ ಬಿಕರ್ಟನ್ ಎಂಬುವರು 1862ರಲ್ಲಿ ತಮ್ಮದೇ ಸಭೆ ಸ್ಥಾಪಿಸಿದರು. ಅದು ಇಂದಿಗೂ ಪೆನ್ಸಿಲ್ವೇನಿಯಾದ ಮೊನಾಂಗಹೀಲಾದಲ್ಲಿ ನಡೆಯುತ್ತಿದೆ, ಬುಕ್ ಆಫ್ ಮಾರ್ಮನ್ ಓದುತ್ತದೆ. ಅದರ ಅಧಿಕೃತ ಹೆಸರು ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್.